ಧರ್ಮದರ್ಶಿಗಳ ಕನ್ನಡಕ

ಟ್ರಸ್ಟಿ ಎಂಬ ಮಾತಿಗೆ ಕನ್ನಡದಲ್ಲಿ ಒಂದು ಭಾರೀ ಪದವಿದೆ: ಧರ್ಮದರ್ಶಿ. ಧರ್ಮ ಯಾವುದೆಂದು ಕಾಣಬಲ್ಲವನು. ಈ ವಿಷಯದಲ್ಲಿ ಇಂಗ್ಲಿಷರು ಜಾಣರು. ಅವರ ಪದದಲ್ಲಿ ಬರೀ ನಂಬಿಕೆಯಿದೆ, ಕಣ್ಣಿನ ಪ್ರಸ್ತಾಪವೇ ಇಲ್ಲ. ಲಂಡನ್ನಿನ ದೊಡ್ಡ ದೊಡ್ಡ ಚಾರಿಟಿಗಳ, ಅಂದರೆ ದಾನದ ದುಡ್ಡಿನ ಸೇವಾ ಸಂಸ್ಥೆಗಳ, ಆಡಳಿತ ಮಂಡಳಿಗಳು ಆ ಮೂಲಾರ್ಥವನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿವೆ.

ಏರ್ಪಾಟು ಹೀಗಿದೆ. ಕಾನೂನಿನ ಪ್ರಕಾರ ಚಾರಿಟಿಯ ಯಜಮಾನಿಕೆ ಟ್ರಸ್ಟಿಗಳದ್ದು. ಹತ್ತು ಹದಿನೈದು ಮಂದಿ. ಬ್ಯಾಂಕು, ವಕೀಲಿಕೆ, ಸಾರ್ವಜನಿಕ ಸಂಪರ್ಕ (ಪಿಆರ್), ರಾಜಕೀಯದಲ್ಲಿ ಪಳಗಿದವರು. ಸಾಮಾನ್ಯವಾಗಿ ಅವರಿಗೆ ಸಂಬಳವಿಲ್ಲ. ರೈಲು ಟಿಕೆಟ್ಟಿನ ಕಾಸು, ಸಭೆಯ ದಿನ ಸ್ಯಾಂಡ್‌ವಿಚ್ಚು, ಅಷ್ಟೇ. ಅವರ ಕೆಳಗೆ ಸಿಇಒ. ಆ ಕುರ್ಚಿಗೆ ಸಂಬಳವುಂಟು. ಅಂದರೆ ಪುಕ್ಕಟೆ ಬಂದವರು ವರ್ಷಕ್ಕೆ ಐದಾರು ಸಲ, ಮೂರು ಮೂರು ತಾಸು ಕೂತು, ಹಗಲಿರುಳು ಅಲ್ಲೇ ಇರುವವರ ಮೇಲೆ ಕಣ್ಣಿಡಬೇಕು. ಕಣ್ಣಿಡಲು ಕನ್ನಡಕ ಬೇಕಲ್ಲ? ಅದನ್ನು ಸಿಇಒ ಕಚೇರಿಯೇ ಮಾಡಿಸಿಕೊಡುತ್ತದೆ.

ಆ ಕನ್ನಡಕಕ್ಕೆ ಬೋರ್ಡ್ ಪ್ಯಾಕ್ ಎಂದು ಹೆಸರು. ಮಂಗಳವಾರದ ಸಭೆಗೆ ಶುಕ್ರವಾರ ಸಂಜೆ ಇನ್ನೂರೈವತ್ತು ಪುಟದ ಪಿಡಿಎಫ್ ಬಂದಿಳಿಯುತ್ತದೆ. ಮೊದಲ ಪುಟದಲ್ಲಿ ನಗುವ ಮಗು. ನಲವತ್ತನೇ ಪುಟದವರೆಗೆ ತಂತ್ರ, ಧ್ಯೇಯ, ದರ್ಶನ. ಓದಲೇಬೇಕಾದದ್ದು ನೂರ ಎಂಬತ್ತರ ಆಚೆ, ಅನುಬಂಧ 'ಜಿ'ಯಲ್ಲಿ, ಆರು ಪಾಯಿಂಟಿನ ಅಕ್ಷರದಲ್ಲಿ. ಪ್ರತಿ ವಿಷಯದ ಪಕ್ಕ ಒಂದು ಮಾತು: 'ಅನುಮೋದನೆಗೆ', 'ಚರ್ಚೆಗೆ' ಅಥವಾ 'ಗಮನಕ್ಕೆ'. ಹೊಸ ಲೋಗೋದ ಬಣ್ಣ ಚರ್ಚೆಗೆ ಬರುತ್ತದೆ, ಐವತ್ತು ನಿಮಿಷ. ಸಿಬ್ಬಂದಿ ದೂರುಗಳ ಪಟ್ಟಿ ಗಮನಕ್ಕೆ ಬರುತ್ತದೆ. ಒಂದೂವರೆ ನಿಮಿಷ, ಅದೂ ಊಟದ ಹೊತ್ತಿಗೆ. ನಡಾವಳಿಯಲ್ಲಿ ಒಂದು ಸಾಲು: ಮಂಡಳಿಯು ಗಮನಿಸಿತು. ಏನನ್ನು ಗಮನಿಸಿತು ಎಂದು ಯಾರೂ ಬರೆಯುವುದಿಲ್ಲ, ಬರೆದರೆ ಮುಂದಿನ ಸಭೆಯಲ್ಲಿ ಯಾರಾದರೂ ಕೇಳಿಬಿಡುತ್ತಾರೆ.

ಪ್ಯಾಕಿನ ಒಳಗೆ ಅಪಾಯಗಳ ಪಟ್ಟಿ ಎಂಬ ಇನ್ನೊಂದು ಕೌತುಕವಿದೆ. ಕೆಂಪು, ಹಳದಿ, ಹಸಿರು. ದೂರದ ಶಿಬಿರದಲ್ಲಿ ಕೆಲಸ ಮಾಡುವವಳು ಕೆಂಪು ಎಂದು ಬರೆದು ಕಳಿಸುತ್ತಾಳೆ. ದೇಶದ ಕಚೇರಿ ಅದನ್ನು 'ಕೆಂಪು, ಕ್ರಮ ಜಾರಿಯಲ್ಲಿದೆ' ಎಂದು ತಿದ್ದುತ್ತದೆ. ಪ್ರಾದೇಶಿಕ ನಿರ್ದೇಶಕರು ಕ್ರಮ ಜಾರಿಯಲ್ಲಿರುವುದರಿಂದ ಹಳದಿ ಎನ್ನುತ್ತಾರೆ. ಲಂಡನ್ನಿಗೆ ಬರುವಷ್ಟರಲ್ಲಿ ಹಳದಿಗೆ ಎಳೆ ಹಸಿರು ಚಿಗುರಿರುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಒಬ್ಬೊಬ್ಬರೂ ಒಂದೊಂದು ಮೆಟ್ಟಿಲು ಸೌಜನ್ಯ ತೋರಿಸಿದ್ದಾರೆ ಅಷ್ಟೆ. ಕಲ್ಲಂಗಡಿಯಂಥ ವರದಿ, ಮೇಲೆ ಹಸಿರು, ಕೊಯ್ದರೆ ಕೆಂಪು. ಮಂಡಳಿಯ ಮೇಜಿನ ಮೇಲೆ ಚಾಕು ಇಡುವ ಪದ್ಧತಿಯಿಲ್ಲ.

ಈಗ ಸಂಬಳದ ಕತೆ. ಸಿಇಒ ಸಂಬಳ ನಿಗದಿ ಮಾಡಲು ಮೂರ್ನಾಲ್ಕು ಟ್ರಸ್ಟಿಗಳ ಸಂಭಾವನಾ ಸಮಿತಿಯಿರುತ್ತದೆ. ಆ ವಿಷಯ ಬಂದಾಗ ಸಿಇಒ ಎದ್ದು ಹೊರಗೆ ಹೋಗುತ್ತಾರೆ, ನಿಯಮ ನಿಯಮವೇ. ಒಳಗೆ ಉಳಿದು ಟಿಪ್ಪಣಿ ಓದುವವರು ಎಚ್‌ಆರ್ ನಿರ್ದೇಶಕರು, ಅವರ ಸಂಬಳ ನಿಗದಿ ಮಾಡುವವರು ಹೊರಗೆ ಕಾಫಿ ಕುಡಿಯುತ್ತಿದ್ದಾರೆ. ಟಿಪ್ಪಣಿ ಬರೆದದ್ದು ಒಬ್ಬ ಸಲಹೆಗಾರ. ಹೋಲಿಕೆಗೆ ಯಾರನ್ನು ಆರಿಸಿಕೊಳ್ಳುತ್ತಾರೆ ಎಂಬಲ್ಲೇ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಸಿಇಒ ಸಂಬಳಕ್ಕೆ ಆಸ್ಪತ್ರೆ, ವಿಶ್ವವಿದ್ಯಾಲಯ, ಮಧ್ಯಮ ಗಾತ್ರದ ಕಂಪನಿಗಳ ಹೋಲಿಕೆ. ಅದೇ ಸಂಸ್ಥೆಯ ಫೋನ್ ಎತ್ತುವ ಹುಡುಗಿಯ ಸಂಬಳಕ್ಕೆ ಮಾತ್ರ ಚಾರಿಟಿ ವಲಯದ ಹೋಲಿಕೆ, 'ಇದು ಸೇವೆಯಲ್ಲವೇ' ಎಂಬ ಉಪದೇಶದ ಸಮೇತ.

ಈ ಹೋಲಿಕೆಯ ಏಣಿ ಹೇಗೆ ಏರುತ್ತದೆಂದು ಲೆಕ್ಕ ಹಾಕಿ ನೋಡಬಹುದು. ಐದು ಚಾರಿಟಿಗಳಿವೆ ಎಂದಿಟ್ಟುಕೊಳ್ಳಿ. ಸಂಬಳ ಸಾವಿರ ಪೌಂಡುಗಳಲ್ಲಿ 100, 110, 120, 130, 140. ನಡುವಿನದು 120. 100 ಕೊಡುವ ಸಂಸ್ಥೆಯ ಸಮಿತಿಗೆ ನಾಚಿಕೆ: ನಮ್ಮವರು ಕೊನೆಯ ಬೆಂಚೇ? ಪ್ರತಿಭೆ ಬೇಕಾದರೆ ಮೇಲಿನ ಕಾಲುಭಾಗದಲ್ಲಿರಬೇಕು ಎಂದು 130ಕ್ಕೆ ಏರಿಸುತ್ತಾರೆ. ಈಗ ಸಾಲು 110, 120, 130, 130, 140. ನಡುವಿನದೇ 130 ಆಯಿತು. ನಿನ್ನೆ ಸರಿಯಾಗಿ ನಡುವೆ ಇದ್ದ 120ರವರು ಇವತ್ತು ಹಿಂದುಳಿದ ವರ್ಗ. 140ರವರದ್ದು ಬೇರೆ ಸಂಕಟ: ನಡುವಿಗಿಂತ ಇಪ್ಪತ್ತು ಮೇಲಿದ್ದೆವು, ಈಗ ಹತ್ತೇ ಮೇಲೆ. ಅವರೂ ಅದೇ ಸಲಹೆಗಾರನಿಗೆ ಫೋನ್ ಮಾಡುತ್ತಾರೆ. ಐದೂ ಸಮಿತಿಗಳು ನ್ಯಾಯವಾಗಿಯೇ ನಡೆದುಕೊಂಡಿವೆ, ಐದರಲ್ಲೂ ನಡಾವಳಿ ಸರಿಯಿದೆ, ಲೆಕ್ಕಪರಿಶೋಧಕರ ರುಜು ಬಿದ್ದಿದೆ. ಒಂದು ಮಗುವಿನ ಬಟ್ಟಲಿಗೂ ಒಂದು ಚಮಚ ಗಂಜಿ ಹೆಚ್ಚಾಗಿಲ್ಲ.

ಜನರಿಗೆ ಇದು ಗೊತ್ತಾಗಬಾರದೆಂದು ಯಾರೂ ಮುಚ್ಚಿಡುವುದಿಲ್ಲ. ಬ್ರಿಟನ್ನಿನ ಚಾರಿಟಿ ಲೆಕ್ಕಪತ್ರದ ನಿಯಮದಂತೆ ವರ್ಷಕ್ಕೆ 60,000 ಪೌಂಡಿಗಿಂತ ಹೆಚ್ಚು ಪಡೆಯುವವರು ಎಷ್ಟು ಮಂದಿ ಎಂದು ಹತ್ತು ಹತ್ತು ಸಾವಿರದ ಪಟ್ಟಿಗಳಲ್ಲಿ ತೋರಿಸಲೇಬೇಕು. ಹೆಸರು ಬೇಕಿಲ್ಲ. ಹಣಕಾಸು ಟಿಪ್ಪಣಿಗಳ ನಡುವೆಲ್ಲೋ '160,000–170,000: 1' ಎಂದಿರುತ್ತದೆ. ಆ ಒಂದು ಯಾರು ಎಂದು ಊಹಿಸಲು ಪಂಚಾಂಗ ಬೇಡ. 2013ರ ಆಗಸ್ಟಿನಲ್ಲಿ ಪತ್ರಿಕೆಗಳು ಈ ಪಟ್ಟಿಗಳನ್ನು ಕೆದಕಿದಾಗ, ಮಕ್ಕಳಿಗಾಗಿ ದುಡಿಯುವ ಸೇವ್ ದ ಚಿಲ್ಡ್ರನ್ ಎಂಬ ಚಾರಿಟಿಯ ಬ್ರಿಟನ್ ಶಾಖೆಯ ಅಂದಿನ ಸಿಇಒ ಜಸ್ಟಿನ್ ಫೋರ್ಸಿತ್ ಅವರ ಸಂಬಳ ಸುಮಾರು 163,000 ಪೌಂಡ್ ಎಂದು ಹೊರಬಿತ್ತು. ಆಗ ಪ್ರಧಾನಿಯ ಸಂಬಳ 142,500. ಹೊಣೆಗಾರಿಕೆಯನ್ನು ಅಳೆಯಲು ಬ್ರಿಟಿಷರಿಗೆ ಇರುವುದು ಇದೊಂದೇ ಮೊಳಕೋಲು. ಚಾರಿಟಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಚಾರಿಟಿ ಕಮಿಷನ್ನಿನ ಅಂದಿನ ಅಧ್ಯಕ್ಷ ವಿಲಿಯಂ ಶಾಕ್ರಾಸ್, ಅಳತೆ ಮೀರಿದ ಸಂಬಳದಿಂದ ಇಡೀ ವಲಯಕ್ಕೇ ಕೆಟ್ಟ ಹೆಸರು ಬರಬಹುದೆಂದು ಎಚ್ಚರಿಸಿದರು. ಗದ್ದಲವಾಯಿತು. ಗದ್ದಲಕ್ಕೆ ಮದ್ದು ಗೊತ್ತೇ ಇದೆ, ಒಂದು ವಿಚಾರಣಾ ಸಮಿತಿ. 2014ರಲ್ಲಿ ಅದು ಕೊಟ್ಟ ಸಲಹೆಯ ತಿರುಳು: ಹಿರಿಯ ಅಧಿಕಾರಿಗಳ ಸಂಬಳವನ್ನು ವೆಬ್‌ಸೈಟಿನ ಮುಖಪುಟದಿಂದ ಎರಡು ಕ್ಲಿಕ್ ದೂರದೊಳಗೆ ಹಾಕಿ. ಸಂಬಳ ಎಷ್ಟಿರಬೇಕು ಎಂಬುದು ಬಗೆಹರಿಯದಿದ್ದರೂ ಅದು ಎಷ್ಟು ಕ್ಲಿಕ್ ದೂರದಲ್ಲಿರಬೇಕು ಎಂಬುದು ಇತ್ಯರ್ಥವಾಯಿತು.

ನ್ಯಾಯವಾಗಿ ಹೇಳಬೇಕೆಂದರೆ ಮೊತ್ತ ನೋಡಿ ಹೌಹಾರುವ ಪೈಕಿ ಈ ಅಂಕಣವಲ್ಲ. ಆಗ ಆ ಸಂಸ್ಥೆಯ ವಾರ್ಷಿಕ ಆದಾಯ 28 ಕೋಟಿ ಪೌಂಡಿನ ಸುತ್ತಮುತ್ತ. ನೂರು ಪೌಂಡ್ ಕೊಟ್ಟ ದಾನಿಯ ಪಾಲಿನಿಂದ ಸಿಇಒ ಸಂಬಳಕ್ಕೆ ಹೋದದ್ದು ಆರು ಪೆನ್ಸು. ಯುದ್ಧ, ಕ್ಷಾಮ, ಸರ್ಕಾರಗಳ ಜೊತೆ ಗುದ್ದಾಡುವ ಸಂಸ್ಥೆಯನ್ನು ನಡೆಸಲು ಭಜನಾ ಮಂಡಳಿಯ ಕಾರ್ಯದರ್ಶಿ ಸಾಲುವುದಿಲ್ಲ. ತಮಾಷೆಯೆಂದರೆ ಆ ಆರು ಪೆನ್ಸನ್ನೂ ನಮ್ಮ ಖರ್ಚು ಎಂದು ಒಪ್ಪಿಕೊಳ್ಳುವ ಧೈರ್ಯ ಇಲ್ಲದಿರುವುದು. ದೊಡ್ಡ ಚಾರಿಟಿಗಳ ಕರಪತ್ರದಲ್ಲಿ ದುಂಡನೆಯ ಚಿತ್ರವೊಂದಿರುತ್ತದೆ: ಪ್ರತಿ ಪೌಂಡಿನಲ್ಲಿ ಇಷ್ಟು ಪೆನ್ಸು ನೇರ ಮಕ್ಕಳಿಗೆ. ಲೆಕ್ಕದ ನಿಯಮವೇ ಹೇಳುವಂತೆ ಕೇಂದ್ರ ಕಚೇರಿಯ ಖರ್ಚನ್ನು ಕೆಲಸ ಕೆಲಸಗಳ ಮೇಲೆ ಹಂಚಬೇಕು, ಸಿಬ್ಬಂದಿಯ ತಲೆಯೆಣಿಕೆಯ ಪ್ರಕಾರವೋ, ನೆಲದ ಚದರಡಿಯ ಪ್ರಕಾರವೋ. ಹೀಗೆ ಸಿಇಒ ಕೂರುವ ಕುರ್ಚಿಯ ನಾಲ್ಕು ಕಾಲುಗಳಲ್ಲಿ ಮೂರೂಕಾಲು ಮಕ್ಕಳ ಪೌಷ್ಟಿಕತೆಗೆ ಹೋಗುತ್ತವೆ, ಮುಕ್ಕಾಲು ಕಾಲು ಮಾತ್ರ ನಿಧಿ ಸಂಗ್ರಹಕ್ಕೆ.

ಅಸಲಿ ಎಡವಟ್ಟು ಬೇರೆ ಕಡೆ ಇದೆ. ಇಷ್ಟು ಸಂಬಳ ಯಾಕೆ ಎಂದು ಸಮಿತಿ ತನ್ನ ನಡಾವಳಿಯಲ್ಲಿ ಕಾರಣ ಬರೆದಿಡಬೇಕಲ್ಲ; ಅಲ್ಲಿ ಈ ವ್ಯಕ್ತಿ ಅನಿವಾರ್ಯ, ಇವರು ಹೋದರೆ ಬದಲಿಲ್ಲ ಎಂದು ದಾಖಲಾಗಿರುತ್ತದೆ. ಆರು ತಿಂಗಳ ನಂತರ ಅದೇ ವ್ಯಕ್ತಿಯ ಮೇಲೆ ಒಂದು ದೂರು ಬಂದರೆ? ತಾವೇ ರುಜು ಹಾಕಿದ ಕಾಗದವನ್ನು ತಾವೇ ಹರಿಯಬೇಕು.

ಸೇವ್ ದ ಚಿಲ್ಡ್ರನ್‌ನಲ್ಲಿ ಆದದ್ದನ್ನು ನೋಡಿ. ಸಿಇಒ ಫೋರ್ಸಿತ್ ಅನುಚಿತವಾಗಿ ನಡೆದುಕೊಂಡರು, ಮಾತಾಡಿದರು ಎಂದು ಮಹಿಳಾ ಸಿಬ್ಬಂದಿಯಿಂದ 2011ರಲ್ಲೂ 2015ರಲ್ಲೂ ದೂರುಗಳು ಬಂದವು. ಎರಡು ಸಲವೂ ಟ್ರಸ್ಟಿಗಳೇ ವಿಚಾರಣೆ ನಡೆಸಿದರು. ಎರಡು ಸಲವೂ ಸಿಇಒ ಬೇಷರತ್ ಕ್ಷಮೆ ಕೇಳಿದರು, ಎರಡು ಸಲವೂ ಕಡತ ಮುಚ್ಚಿತು. ಮಂಡಳಿಯ ಅಧ್ಯಕ್ಷರು ಸರ್ ಅಲನ್ ಪಾರ್ಕರ್, ಬ್ರನ್ಸ್‌ವಿಕ್ ಎಂಬ ಹೆಸರಾಂತ ಪಿಆರ್ ಕಂಪನಿಯ ಸ್ಥಾಪಕರು. 2015ರಲ್ಲಿ ಒಂದು ವಕೀಲ ಸಂಸ್ಥೆಯಿಂದ ಪರಿಶೀಲನೆ ಮಾಡಿಸಲಾಯಿತು. ಎಚ್‌ಆರ್ ನಿಯಮ ಪೂರ್ತಿ ಪಾಲನೆಯಾಗಿಲ್ಲ, ಅಧ್ಯಕ್ಷರಿಗೂ ಸಿಇಒಗೂ ಇದ್ದ ಬಹಳ ಹತ್ತಿರದ ಸಂಬಂಧ ದೂರುಗಳ ನಿರ್ವಹಣೆಯ ಮೇಲೆ ಪರಿಣಾಮ ಬೀರಿರಬಹುದು ಎಂದು ಅದು ಬರೆಯಿತು. ಈ ವರದಿಯ ಸಾರ ಸಾರ್ವಜನಿಕರಿಗೆ ಗೊತ್ತಾದದ್ದು 2018ರಲ್ಲಿ, ಬಿಬಿಸಿ ಮೂಲಕ.

ನಡುವಿನ ಮೂರು ವರ್ಷ ಎಲ್ಲರೂ ಒಂದೊಂದು ಮೆಟ್ಟಿಲು ಹತ್ತಿದರು. ಸಿಇಒ 2016ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್‌ನ ಉಪ ಕಾರ್ಯನಿರ್ವಾಹಕ ನಿರ್ದೇಶಕರಾದರು. ನೇಮಕದ ವೇಳೆ ಈ ದೂರುಗಳ ವಿಷಯ ತನಗೆ ತಿಳಿದಿರಲಿಲ್ಲ ಎಂದು ಯುನಿಸೆಫ್ ಆಮೇಲೆ ಹೇಳಿತು. ಬ್ರಿಟನ್ ಮಂಡಳಿಯ ಅಧ್ಯಕ್ಷರು ಅಂತರರಾಷ್ಟ್ರೀಯ ಮಂಡಳಿಯ ಅಧ್ಯಕ್ಷರಾದರು. (ಸೇವ್ ದ ಚಿಲ್ಡ್ರನ್‌ಗೆ ಲಂಡನ್ನಿನಲ್ಲೇ ಎರಡು ಮನೆ. ಬ್ರಿಟನ್‌ನದೊಂದು, ಅಂತರರಾಷ್ಟ್ರೀಯದೊಂದು, ಎರಡಕ್ಕೂ ಬೇರೆ ಬೇರೆ ಸಿಇಒ, ಬೇರೆ ಬೇರೆ ಮಂಡಳಿ. ಒಂದರಲ್ಲಿ ಸೂರು ಸೋರಿದರೆ ಇನ್ನೊಂದರಲ್ಲಿ ಜಾಗವಿರುತ್ತದೆ.) ಬ್ರಿಟನ್‌ನ ಹೊಸ ಸಿಇಒ ಎಲ್ಲಿಂದ ಬಂದರು ಅಂದರೆ, ಅದೇ ಮಂಡಳಿಯಿಂದ: ವರ್ಷಗಟ್ಟಲೆ ಟ್ರಸ್ಟಿಯಾಗಿದ್ದ ಕೆವಿನ್ ವಾಟ್ಕಿನ್ಸ್. ಕಾವಲುಗಾರನನ್ನೇ ಮನೆಯಳಿಯನನ್ನಾಗಿ ಮಾಡಿಕೊಳ್ಳುವುದರಲ್ಲಿ ಒಂದು ಅನುಕೂಲವುಂಟು, ಬೀಗ ಎಲ್ಲಿದೆಯೆಂದು ಹೇಳಿಕೊಡಬೇಕಿಲ್ಲ.

2018ರ ಫೆಬ್ರವರಿಯಲ್ಲಿ ವಿಷಯ ಹೊರಬಿತ್ತು. ಫೋರ್ಸಿತ್ ತಮ್ಮಿಂದ ತಪ್ಪುಗಳಾಗಿದ್ದವು, ಆಗಲೇ ಕ್ಷಮೆ ಕೇಳಿದ್ದೆ ಎಂದರು, ಯುನಿಸೆಫ್ ಬಿಟ್ಟರು. ಏಪ್ರಿಲ್‌ನಲ್ಲಿ ಪಾರ್ಕರ್ ರಾಜೀನಾಮೆ. ಅದೇ ತಿಂಗಳು ಚಾರಿಟಿ ಕಮಿಷನ್ ಶಾಸನಬದ್ಧ ವಿಚಾರಣೆ ಶುರು ಮಾಡಿತು, ಸಂಸ್ಥೆ ಬ್ರಿಟಿಷ್ ಸರ್ಕಾರದ ಹೊಸ ಅನುದಾನಕ್ಕೆ ಅರ್ಜಿ ಹಾಕುವುದನ್ನು ನಿಲ್ಲಿಸಿತು. ಕ್ಷಮೆಯ ಬೆಲೆ ಆ ಆರು ಪೆನ್ಸಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ. 2020ರ ಮಾರ್ಚಿನಲ್ಲಿ ಕಮಿಷನ್ ವರದಿ ಬಂತು: ದೂರುಗಳ ನಿರ್ವಹಣೆಯಲ್ಲಿ ಗಂಭೀರ ಲೋಪ ಮತ್ತು ಅವ್ಯವಸ್ಥೆ. ಮೊದಲ ದೂರಿನ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಮಗ್ಗಿ ಕಲಿತು ಮುಗಿಸಿತ್ತು.

ಮಂಡಳಿಗೆ ಕಾಣದ್ದು ಕೆಳಗಿನವರಿಗೆ ಚೆನ್ನಾಗಿಯೇ ಕಾಣುತ್ತದೆ ಎಂಬುದಕ್ಕೆ 2014ರ ಪ್ರಸಂಗವೊಂದಿದೆ. ಸಂಸ್ಥೆಯ ಅಮೆರಿಕ ಶಾಖೆ ನ್ಯೂಯಾರ್ಕಿನ ಭೋಜನಕೂಟದಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಟೋನಿ ಬ್ಲೇರ್‌ಗೆ ಪ್ರಶಸ್ತಿ ಕೊಟ್ಟಿತು, ಇರಾಕ್ ಯುದ್ಧದ ಬ್ಲೇರ್‌ಗೆ, ಮಕ್ಕಳ ಸಂಸ್ಥೆಯಿಂದ. ಬ್ರಿಟನ್ ಸಿಇಒ ಹಿಂದೆ ಬ್ಲೇರ್ ಸಲಹೆಗಾರರು. ಬ್ಲೇರ್ ಕಚೇರಿಯ ಮುಖ್ಯಸ್ಥರಾಗಿದ್ದ ಜೊನಾಥನ್ ಪವೆಲ್ ಬ್ರಿಟನ್ ಮಂಡಳಿಯಲ್ಲಿದ್ದರು. ಸುಮಾರು 200 ಸಿಬ್ಬಂದಿ ಪತ್ರಕ್ಕೆ ಸಹಿ ಹಾಕಿ ಇದು ಮರ್ಯಾದೆಗೇಡು ಎಂದರು. 60,000 ಪೌಂಡಿನ ಪಟ್ಟಿಯ ಹತ್ತಿರಕ್ಕೂ ಸುಳಿಯದವರೇ ಅವರಲ್ಲಿ ಹೆಚ್ಚು ಇದ್ದಿರಬೇಕು.

ನಾವು ನಗುವಂತಿಲ್ಲ. ಇದೇ ಸಂಸ್ಥೆ ಭಾರತದಲ್ಲಿ ಎತ್ತಿದ ಅವತಾರ ಬಾಲ ರಕ್ಷಾ ಭಾರತ್. ವಿದೇಶಿ ದೇಣಿಗೆ ಪಡೆಯುವ ಇಲ್ಲಿನ ಎಲ್ಲ ಸಂಸ್ಥೆಗಳಂತೆ ಅದಕ್ಕೂ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಅನ್ವಯ. 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಇಂಥ ಮಿತಿ ಬಂದಾಗ ಖರ್ಚು ಇಳಿಯುವ ಮೊದಲು ಹುದ್ದೆಯ ಹೆಸರು ಬದಲಾಗುತ್ತದೆ. ನಿನ್ನೆಯ ಆಡಳಿತಾಧಿಕಾರಿ ಇಂದು ಕಾರ್ಯಕ್ರಮ ಸಂಯೋಜಕ. ಅದೇ ಮೇಜು, ಅದೇ ಫ್ಯಾನು. ಮುಜರಾಯಿ ದೇವಸ್ಥಾನದ ಹುಂಡಿಯನ್ನಾದರೂ ಬ್ಯಾಂಕಿನವರು, ತಹಶೀಲ್ದಾರರ ಕಡೆಯವರು, ಕ್ಯಾಮೆರಾ ಎಲ್ಲದರ ಎದುರು ನೆಲದ ಮೇಲೆ ಸುರಿದು ಎಣಿಸುತ್ತಾರೆ. ಅಲ್ಲಿ ಪಿಡಿಎಫ್ ಇಲ್ಲ.

ಈ ಸಂಸ್ಥೆ ಹುಟ್ಟಿದ ಬಗೆ ಹೇಳಲೇಬೇಕು. ಮೊದಲ ಮಹಾಯುದ್ಧ ಮುಗಿದರೂ ದಿಗ್ಬಂಧನದಿಂದ ಆಸ್ಟ್ರಿಯಾದ ಮಕ್ಕಳು ಹಸಿವಿನಿಂದ ಸಾಯುತ್ತಿದ್ದಾಗ, 1919ರಲ್ಲಿ ಎಗ್ಲಂಟೈನ್ ಜೆಬ್ ಎಂಬಾಕೆ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಕರಪತ್ರ ಹಂಚಿದಳು. ಅನುಮತಿಯಿಲ್ಲದ ಕರಪತ್ರವೆಂದು ಕೇಸು ಬಿತ್ತು, 5 ಪೌಂಡ್ ದಂಡವಾಯಿತು. ಸರ್ಕಾರದ ಪರ ವಾದಿಸಿದ ವಕೀಲ ಆರ್ಚಿಬಾಲ್ಡ್ ಬಾಡ್ಕಿನ್ ಕೊನೆಗೆ ತನ್ನ ಜೇಬಿನಿಂದಲೇ ಆ 5 ಪೌಂಡ್ ತೆಗೆದು ಆಕೆಯ ಕೈಗಿಟ್ಟ. ಸೇವ್ ದ ಚಿಲ್ಡ್ರನ್‌ನ ಮೊದಲ ದೇಣಿಗೆ ಅದೇ ಎನ್ನುತ್ತಾರೆ.

ಅದು ಇವತ್ತು ಬಂದಿದ್ದರೆ ದೇಣಿಗೆ ಸ್ವೀಕಾರ ನೀತಿಯ ಪ್ರಕಾರ ಮೊದಲು ದಾನಿಯ ಪೂರ್ವಾಪರ ಪರಿಶೀಲನೆ. ದಾನಿ ನಮ್ಮ ವಿರುದ್ಧವೇ ಮೊಕದ್ದಮೆ ನಡೆಸಿದವರು, ಆದ್ದರಿಂದ ಹಿತಾಸಕ್ತಿ ಸಂಘರ್ಷದ ದಾಖಲೆಯಲ್ಲಿ ನಮೂದು. ಸ್ಥಾಪಕಿಗೆ ನ್ಯಾಯಾಲಯದ ದಂಡ ಬಿದ್ದಿರುವುದು ಗಂಭೀರ ಘಟನೆ. ಕಮಿಷನ್‌ಗೆ ವರದಿ ಮಾಡಬೇಕೇ ಎಂದು ವಕೀಲರ ಅಭಿಪ್ರಾಯ ಪಡೆಯುವುದು, ಶುಲ್ಕ ಪ್ರತ್ಯೇಕ. ದುಡ್ಡು ದಂಡ ಕಟ್ಟಲೆಂದೇ ಕೊಟ್ಟದ್ದೋ ಮಕ್ಕಳಿಗೆ ಕೊಟ್ಟದ್ದೋ ಸ್ಪಷ್ಟವಿಲ್ಲದ್ದರಿಂದ ನಿರ್ಬಂಧಿತ ನಿಧಿಯೋ ಸಾಮಾನ್ಯ ನಿಧಿಯೋ ಎಂದು ಹಣಕಾಸು ಉಪಸಮಿತಿ ತೀರ್ಮಾನಿಸತಕ್ಕದ್ದು. ಅಪಾಯದ ಬಣ್ಣ ಹಳದಿ. ಉಪಸಮಿತಿಯ ಇಬ್ಬರು ರಜೆಯಲ್ಲಿರುವ ಕಾರಣ ಕೋರಂ ಇಲ್ಲ. ವಿಷಯವನ್ನು ಸೆಪ್ಟೆಂಬರ್ ಸಭೆಗೆ ಮುಂದೂಡಲಾಗಿದೆ. ಸ್ಯಾಂಡ್‌ವಿಚ್ ಬಂದಿವೆ.