ಮೇಷ್ಟ್ರ ಸಂಬಳ ಕೊಡಿಸಿದ ಪಾಳೆಗಾರ

ನನ್ನ ಅಮ್ಮ ಅನುದಾನವಿಲ್ಲದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದರು. ಮೂರು ತಿಂಗಳಿಗೊಮ್ಮೆ ಸಂಬಳ, ಅದೂ ಅರ್ಧ. ಕಿರಾಣಿ ಅಂಗಡಿಯ ಸಾಲದ ಪುಸ್ತಕ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಕ್ಕಿ, ಬೇಳೆ, ಸೋಪು, ಕೊನೆಗೆ 'ಬಾಕಿ'. ಅದಕ್ಕೇ ಸ್ಪೇನಿನ ರಾಜಕಾರಣಿ ಕೌಂಟ್ ರೊಮಾನೋನೆಸ್ ಬಗ್ಗೆ ಓದುವಾಗ 1901ನೇ ಇಸವಿಗೆ ಬಂದು ನಿಂತುಬಿಟ್ಟೆ.

ಪೂರ್ತಿ ಹೆಸರು ಆಲ್ವಾರೊ ದೆ ಫಿಗೆರೋವಾ. 1863ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದವನು. ಗಣಿ ದುಡ್ಡಿನ ಮನೆತನ. ಚಿಕ್ಕಂದಿನ ಅಪಘಾತದಿಂದ ಒಂದು ಕಾಲು ಕುಂಟು. ಮೂರು ಸಲ ಪ್ರಧಾನಿಯಾದ. ಗ್ವಾದಲಹಾರ ಪ್ರಾಂತ್ಯದಲ್ಲಿ ಇವನ ಜಮೀನು, ಇವನ ಮಾತು, ಇವನ ಓಟು. ಇಂಥವರಿಗೆ ಅಲ್ಲಿ 'ಕಸೀಕೆ' ಅಂತಾರೆ. ನಮ್ಮ ಮಾತಲ್ಲಿ ಪಾಳೆಗಾರ. ಇವನ ಈ ಮುಖ ನನಗೆ ಖಂಡಿತ ಇಷ್ಟವಿಲ್ಲ.

ಆದರೆ ಆಗ ಸ್ಪೇನಿನಲ್ಲಿ 'ಶಾಲೆ ಮೇಷ್ಟ್ರಿಗಿಂತ ಜಾಸ್ತಿ ಹಸಿವು' ಅಂತ ಒಂದು ಮಾತಿತ್ತು. ಸಂಬಳ ಕೊಡಬೇಕಾದದ್ದು ಊರಿನ ಪುರಸಭೆ. ಅದು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮೇಷ್ಟ್ರು ಊರ ಯಜಮಾನನ ಮುಂದೆ ಕೈಕಟ್ಟಿ ನಿಲ್ಲದೆ ಇನ್ನೇನು ಮಾಡಬೇಕು? 1901ರಲ್ಲಿ ಶಿಕ್ಷಣ ಮಂತ್ರಿಯಾಗಿದ್ದ ರೊಮಾನೋನೆಸ್ ಆ ಸಂಬಳವನ್ನು ಸರ್ಕಾರದ ಬಜೆಟ್ಟಿಗೇ ಸೇರಿಸಿದ. ಪಾಳೆಗಾರರ ಕೈಯಲ್ಲಿದ್ದ ಹಗ್ಗವನ್ನು ಇನ್ನೊಬ್ಬ ಪಾಳೆಗಾರನೇ ಬಿಡಿಸಿದ. ಇದು ಸಣ್ಣ ಕೆಲಸ ಅಲ್ಲ. ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಣ್ಯಾತ್ಮ" ಅಂದರು.

ಎಂಟು ಗಂಟೆ ಕೆಲಸದ ಕಾನೂನಿನ ಹೆಗ್ಗಳಿಕೆಯನ್ನೂ ಕೆಲವರು ಇವನಿಗೇ ಕೊಡುತ್ತಾರೆ. ಅದನ್ನು ನಾನು ಒಪ್ಪಲ್ಲ. 1919ರ ಫೆಬ್ರವರಿಯಲ್ಲಿ ಬಾರ್ಸಿಲೋನಾದ ವಿದ್ಯುತ್ ಕಂಪನಿಯೊಂದು ಎಂಟು ಜನ ನೌಕರರನ್ನು ಕೆಲಸದಿಂದ ತೆಗೆಯಿತು. ಅದರಿಂದ ಶುರುವಾದ ಮುಷ್ಕರ 44 ದಿನ ನಡೆಯಿತು. ದೀಪ ಆರಿತು, ಟ್ರಾಂ ನಿಂತಿತು, ಕಾರ್ಖಾನೆಗಳು ಮುಚ್ಚಿದವು. ಏಪ್ರಿಲ್ 3ಕ್ಕೆ ಪ್ರಧಾನಿ ರೊಮಾನೋನೆಸ್ ಸರ್ಕಾರ ಎಂಟು ಗಂಟೆ ಕೆಲಸದ ಆಜ್ಞೆ ಹೊರಡಿಸಿತು. ಸಹಿ ಸರ್ಕಾರದ್ದು, ಗೆಲುವು ಕತ್ತಲಲ್ಲಿ ಹಸಿದು ಕೂತ ಕಾರ್ಮಿಕರದ್ದು.

ಯಾರೂ ಒತ್ತಾಯ ಮಾಡದಾಗ ಒಬ್ಬ ಮನುಷ್ಯ ಏನು ಮಾಡುತ್ತಾನೆ ಅನ್ನೋದು ನನಗೆ ಮುಖ್ಯ. 1931ರ ಏಪ್ರಿಲ್ 14. ನಗರಗಳ ಚುನಾವಣೆಯಲ್ಲಿ ರಾಜ ಬೇಡ ಅನ್ನುವ ಗಣರಾಜ್ಯವಾದಿಗಳು ಗೆದ್ದಿದ್ದಾರೆ. ರಾಜ ಹದಿಮೂರನೇ ಅಲ್ಫಾನ್ಸೊ ಪರವಾಗಿ ಮಾತಾಡಲು ರೊಮಾನೋನೆಸ್ ಡಾಕ್ಟರ್ ಮರನ್ಯೋನ್ ಮನೆಗೆ ಹೋದ. ಎದುರಿಗೆ ಕೂತವನು ಗಣರಾಜ್ಯವಾದಿಗಳ ನಾಯಕ ಅಲ್ಕಲಾ-ಸಮೋರಾ, ಒಂದು ಕಾಲಕ್ಕೆ ಇವನದೇ ಕಾರ್ಯದರ್ಶಿ. ಸೂರ್ಯ ಮುಳುಗುವ ಮೊದಲು ರಾಜ ದೇಶ ಬಿಟ್ಟು ಹೊರಡಬೇಕು ಅಂತ ಅಲ್ಕಲಾ-ಸಮೋರಾ ಅಂದ. ಸಿವಿಲ್ ಗಾರ್ಡ್ ಎಂಬ ಪೊಲೀಸ್ ಪಡೆಯ ಮುಖ್ಯಸ್ಥನೂ ಆಗಲೇ ಗಣರಾಜ್ಯವಾದಿಗಳ ಕಡೆಗೆ ಹೋಗಿದ್ದ. ರಾತ್ರಿ ರಾಜ ಕಾರ್ತಹೇನಾ ಬಂದರಿನ ಕಡೆಗೆ ಕಾರಿನಲ್ಲಿ ಹೊರಟ.

ಅದೇ ವರ್ಷದ ನವೆಂಬರಿನಲ್ಲಿ ಸಂಸತ್ತು ರಾಜನ ಮೇಲೆ ಆರೋಪ ಹೊರಿಸಿತು. ರಾಜನಿಂದ ಇನ್ನು ಏನೂ ಸಿಗುವುದಿರಲಿಲ್ಲ. ಸಭೆ ತುಂಬ ವಿರೋಧಿಗಳು. ಅಂಥ ಕಡೆ ಅರವತ್ತೆಂಟರ ಆ ಕುಂಟು ಮುದುಕ ಎದ್ದು ನಿಂತು ತನ್ನ ರಾಜನ ಪರ ಮಾತಾಡಿದ.