ಟೆಲ್ನೆಟ್ ಆಗ್ತಿದೆ ಮೇಡಂ

ನಮ್ಮ ನೆಟ್‌ವರ್ಕ್ ಟೀಮಲ್ಲಿ ಒಬ್ರು ಮಹಾನುಭಾವರಿದ್ದಾರೆ, ಏನೇ ಕೆಟ್ಟೋಯ್ತು ಅಂತ ಹೇಳಿದ್ರೂ ಅವರದ್ದು ಒಂದೇ ಉತ್ತರ, "ಟೆಲ್ನೆಟ್ ಆಗ್ತಿದೆ ಮೇಡಂ, ನಮ್ ಕಡೆಯಿಂದ ಓಕೆ." ಅಷ್ಟಂದು ಟಿಕೆಟ್ ಕ್ಲೋಸ್. ಇಲ್ಲಿ ಟೆಲ್ನೆಟ್ ಅಂದ್ರೆ ಆಚೆ ಮಷೀನಿನ ಬಾಗಿಲು ತೆಗೆದಿದೆಯಾ ಅಂತ ತಟ್ಟಿ ನೋಡೋ ಕಮಾಂಡು, ಅಷ್ಟೇ. ಮೊನ್ನೆ ಶನಿವಾರ ರಾತ್ರಿ ಡಿಪ್ಲಾಯ್ಮೆಂಟಲ್ಲಿ ಇದನ್ನ ಕೇಳಿ ಕೇಳಿ ತಲೆ ಚಿಟ್ ಹಿಡಿದು ಈಗ್ಲೂ ಇಳಿದಿಲ್ಲ.

ಆರ್ಡರನ್ನ ಬಿಲ್ಲಿಂಗಿಗೆ ದಾಟಿಸೋ ಇಂಟಿಗ್ರೇಷನ್ ಸರ್ವಿಸನ್ನ ಹೊಸ ಕಾಫ್ಕಾ ಕ್ಲಸ್ಟರಿಗೆ ಜೋಡಿಸೋದಿತ್ತು. ಕಾಫ್ಕಾ ಅಂದ್ರೆ ಒಂದು ಸಾಫ್ಟ್‌ವೇರಿನ ಮೆಸೇಜನ್ನ ಇನ್ನೊಂದಕ್ಕೆ ತಲುಪಿಸೋ ಅಂಚೆ ಕಚೇರಿ ಥರ, ಅದರ ಒಂದೊಂದು ಸರ್ವರಿಗೂ ಬ್ರೋಕರ್ ಅಂತ ಹೆಸರು. ಡೆವ್‌ನಲ್ಲಿ, ಅಂದ್ರೆ ಕೋಡ್ ಬರೆದು ಪರೀಕ್ಷಿಸೋವಾಗ, ಎಲ್ಲಾ ಒಂದೇ ಲ್ಯಾಪ್‌ಟಾಪಲ್ಲಿರುತ್ತೆ, ತಕರಾರಿಲ್ಲ. ನಿಜವಾಗಿ ಓಡೋ ಪ್ರೊಡಕ್ಷನ್ನಲ್ಲಿ ಸರ್ವಿಸ್ ಒಂದ್ ಕಡೆ, ಬ್ರೋಕರ್‌ಗಳು ಮೂರು ಮಷೀನಲ್ಲಿ, ನಡುವೆ ಫೈರ್‌ವಾಲ್. ಸರ್ವಿಸ್ ಎಬ್ಬಿಸಿದ್ವಿ, ಲಾಗ್ ತುಂಬಾ ಒಂದೇ ಗೋಳು: ಲೋಕಲ್‌ಹೋಸ್ಟ್ (ಅಂದ್ರೆ ಸರ್ವಿಸ್ ಇರೋ ಇದೇ ಮಷೀನ್) ಪೋರ್ಟ್ 9092ಕ್ಕೆ ಕನೆಕ್ಟ್ ಆಗ್ತಿಲ್ಲ, ಬ್ರೋಕರ್ ಇಲ್ದೇ ಇರಬಹುದು.

ಲೋಕಲ್‌ಹೋಸ್ಟ್ ಎಲ್ಲಿಂದ ಬಂತು ಮಾರಾಯ್ರೇ, ನಾವು ಕೊಟ್ಟಿದ್ದು ಬ್ರೋಕರಿನ ಸರಿಯಾದ ಅಡ್ರೆಸ್ಸೇ! ಆದ್ರೆ ಕಾಫ್ಕಾದಲ್ಲಿ ನಾವು ಕೊಡೋ ಅಡ್ರೆಸ್ ಬರೀ ಮೊದಲ ನಮಸ್ಕಾರಕ್ಕೆ. ಆಮೇಲೆ ಬ್ರೋಕರೇ "ನಾನು ಸಿಗೋದು ಇಲ್ಲಿ" ಅಂತ ಇನ್ನೊಂದು ಅಡ್ರೆಸ್ ಕೊಡುತ್ತೆ, ಅಡ್ವರ್ಟೈಸ್ಡ್ ಲಿಸನರ್ಸ್ ಅನ್ನೋ ಸೆಟ್ಟಿಂಗಿಂದ. ಅದ್ರಲ್ಲಿ ವೆಂಡರ್ ಪುಣ್ಯಾತ್ಮರು ಲೋಕಲ್‌ಹೋಸ್ಟ್ ಅಂತ್ಲೇ ಬಿಟ್ಟಿದ್ರು. ಗೃಹಪ್ರವೇಶದ ಕಾರ್ಡ್ ಹಿಡ್ಕೊಂಡು ಜೆಪಿ ನಗರದವರೆಗೂ ಹೋದ್ರೆ ಬಾಗಿಲಲ್ಲೇ ನಿಲ್ಸಿ "ಊಟ ನಿಮ್ಮನೇಲೇ ಇದೆ, ಹೋಗಿ" ಅಂದ ಹಾಗೆ. ಬಾಗಿಲು ತೆಗೆದಿದೆ ಅನ್ನೋದು ನಿಜ, ಟೆಲ್ನೆಟ್ ಆಗೇ ಆಗುತ್ತೆ!

ಇದನ್ನ ಎಲ್ಲಾ ಟೀಮೂ ಸೇರಿದ್ದ ಬ್ರಿಡ್ಜ್ ಕಾಲಲ್ಲಿ ಬಿಡಿಸಿ ಹೇಳಿದೆ. "ಇಲ್ಲ ಮೇಡಂ, ತೋರಿಸ್ತೀನಿ ಇರಿ" ಅಂತ ಟೆಲ್ನೆಟ್ ಮಹಾನುಭಾವರು ಸ್ಕ್ರೀನ್ ಶೇರ್ ಮಾಡಿದ್ರು. ಟೆಲ್ನೆಟ್ ಹೊಡೆದ್ರು, ಕನೆಕ್ಟ್ ಆಯ್ತು, "ನೋಡಿ." ನೋಡಿದ್ವಿ. ಇನ್ನು ಹೊರಗೆ ಬರಬೇಕಲ್ಲ, ಕಂಟ್ರೋಲ್ ಸಿ ಒತ್ತಿದ್ರು, ಊಹ್ಞೂಂ. ಎಸ್ಕೇಪ್ ಕ್ಯಾರೆಕ್ಟರ್ ಯಾವ್ದು ಅಂತ ಸ್ಕ್ರೀನ್ ಮೇಲೇ ಬರೆದಿದೆ, ಕಂಟ್ರೋಲ್ ಜೊತೆ ಚೌಕ ಬ್ರಾಕೆಟ್ಟು, ಇವರು ಮೂಲೇಲಿರೋ ಎಸ್ಕೇಪ್ ಕೀಯನ್ನ ಕುಟ್ತಾ ಕೂತ್ರು. ಕೊನೆಗೆ ಇಡೀ ವಿಂಡೋನೇ ಕ್ಲೋಸ್. ಮುಂದಿನ ಬ್ರೋಕರ್ ತೋರಿಸಕ್ಕೆ ಮತ್ತೆ ವಿಪಿಎನ್, ಮತ್ತೆ ಜಂಪ್ ಸರ್ವರ್, ಮತ್ತೆ ಓಟಿಪಿ, ಓಟಿಪಿ ಬರೋ ಫೋನ್ ಆಚೆ ರೂಮಲ್ಲಿ ಚಾರ್ಜಿಗೆ, "ಒಂದ್ ನಿಮಿಷ ಮೇಡಂ." ಮೂರನೇ ಬ್ರೋಕರಿಗೂ ಇದೇ ಪೂಜೆ. ಕಂಟ್ರೋಲ್ ಬ್ರಾಕೆಟ್ ಒತ್ತಿ ಸರ್ ಅಂತ ಚಾಟಲ್ಲಿ ಹಾಕಿದೆ, ಅದಕ್ಕೊಂದು ಥಂಬ್ಸ್ ಅಪ್ ಕೊಟ್ಟು ವಿಂಡೋ ಕ್ಲೋಸ್ ಮಾಡಿದ್ರು. ನಡುನಡುವೆ ಮ್ಯಾನೇಜರ್ ಬಂದು "ಇಟಿಎ?" (ಯಾವಾಗ ಆಗುತ್ತೆ?) ಅಂತ ಕೇಳಿ ಮ್ಯೂಟ್ ಆಗ್ತಿದ್ರು.

ವೆಂಡರ್ ಎದ್ದು, ಚೇಂಜ್ ಅಪ್ರೂವಲ್ ಬಂದು, ಒಂದೊಂದೇ ಬ್ರೋಕರ್ ರೀಸ್ಟಾರ್ಟ್ ಆಗೋ ಹೊತ್ತಿಗೆ ನಮ್ಮ ಟೆಲ್ನೆಟ್ ಮಹಾನುಭಾವರ ಮೈಕಲ್ಲಿ ಕೋಳಿ ಕೂಗ್ತು. "ಊರಲ್ಲಿದೀನಿ ಮೇಡಂ, ಅಮ್ಮಂಗೆ ಹುಷಾರಿಲ್ಲ" ಅಂದ್ರು. ಕಾಲಲ್ಲಿ ಯಾರೂ ಮಾತಾಡ್ಲಿಲ್ಲ. ಹಿಂದಿನ ಕಂಪನೀಲಿ ಎಲ್ಲಾ ಒಂದೇ ಸರ್ವರಲ್ಲಿತ್ತು, ಅದನ್ನ ನೋಡ್ಕೊಳ್ಳೋರು ಪಕ್ಕದ ಟೇಬಲ್ಲಲ್ಲೇ ಕೂರ್ತಿದ್ರು, ಕೆಟ್ಟ್ರೆ ಕ್ಯಾಂಟೀನಲ್ಲಿ ಜಗಳ ಆಡಿ ಅಲ್ಲೇ ಬೈಟೂ ಟೀ ಕುಡೀತಿದ್ವಿ. ಇವರ ಮುಖಾನೇ ನಾನು ನೋಡಿಲ್ಲ, ಪ್ರೊಫೈಲ್ ಫೋಟೋದಲ್ಲೂ ಗಣೇಶ.

ಸೋಮವಾರ ಆರ್‌ಸಿಎ, ಅಂದ್ರೆ ತೊಂದರೆಯ ಮೂಲ ಕಾರಣ ಹೇಳೋ ಮೇಲ್ ಬಂತು. "ನೆಟ್‌ವರ್ಕಲ್ಲಿ ದೋಷವಿಲ್ಲ", ಜೊತೆಗೆ ಮೂರು ಸ್ಕ್ರೀನ್‌ಶಾಟು. ನಿಜಾನೇ ತಾನೆ, ಅದೇ ಸಂಕಟ.

ಮುಂದಿನ ವಾರ ಕಾಫ್ಕಾ ಥರಾನೇ ಮೆಸೇಜ್ ತಲುಪಿಸೋ ಇನ್ನೊಂದು ಸಾಫ್ಟ್‌ವೇರ್, ರ‍್ಯಾಬಿಟ್‌ಎಂಕ್ಯೂ ಸರದಿ. ಸೆಟಪ್ ಡಾಕ್ಯುಮೆಂಟಲ್ಲಿ ಯೂಸರ್ ಗೆಸ್ಟ್, ಪಾಸ್‌ವರ್ಡ್ ಗೆಸ್ಟ್ ಅಂತಿದೆ. 2014ರ 3.3 ವರ್ಷನ್ನಿಂದ ಆ ಗೆಸ್ಟಿಗೆ ಅದೇ ಮಷೀನ್ ಒಳಗಿಂದ ಬಿಟ್ರೆ ಬೇರೆ ಕಡೆಯಿಂದ ಪ್ರವೇಶ ಇಲ್ಲ, ಸೆಟ್ಟಿಂಗ್ ಬದಲಾಯಿಸದ ಹೊರತು. ಡಾಕ್ಯುಮೆಂಟ್ ಬರೆದವರಿಗೆ ಮೇಲ್ ಹಾಕಿದೀನಿ, ಔಟ್ ಆಫ್ ಆಫೀಸ್ ಅಂತ ಬಂತು.