ವಾರ್ಡಿಗೆ ಹೋಗಬೇಕಾದವರು ನಮ್ಮಲ್ಲೇ ಉಳಿದಾಗ

ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಎಂದ ಕೂಡಲೇ ಬಹಳ ಮಂದಿ ಕೇಳುವುದು ಒಂದೇ ಮಾತು: "ಅಷ್ಟು ರಕ್ತ, ಅಷ್ಟು ಸಾವುನೋವು ದಿನಾ ಹೇಗೆ ನೋಡುತ್ತೀರಿ?" ಕೇಳುವವರ ಕಾಳಜಿ ನಿಜವಾದದ್ದೇ. ಆದರೆ ಆ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವಳಾಗಿ ಹೇಳುತ್ತೇನೆ, ರಕ್ತಕ್ಕೆ ಕೈ ಪಳಗುತ್ತದೆ. ಅಪಘಾತವಾದವರನ್ನು ಕರೆತಂದಾಗ ಯಾರು ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿರುತ್ತದೆ, ಕೆಲಸ ತಾನಾಗಿ ಸಾಗುತ್ತದೆ. ನಮ್ಮನ್ನು ಹಿಂಡಿ ಹಿಪ್ಪೆ ಮಾಡುವುದು ಬೇರೆಯೇ. ನಮ್ಮ ಪಾಲಿನ ಚಿಕಿತ್ಸೆ ಮುಗಿದು, ಅಡ್ಮಿಶನ್ ಬರೆದಾಗಿ, ವಾರ್ಡಿನಲ್ಲೋ ಐಸಿಯುವಿನಲ್ಲೋ ಹಾಸಿಗೆ ಸಿಗದೆ ತುರ್ತು ವಿಭಾಗದ ಟ್ರಾಲಿಯ ಮೇಲೆಯೇ ರಾತ್ರಿ ಕಳೆಯುವ ರೋಗಿಗಳಿದ್ದಾರಲ್ಲ, ಅವರ ಬಗ್ಗೆ ಯಾರೂ ಕೇಳುವುದಿಲ್ಲ. ಇವತ್ತು ಬರೆಯಲು ಕುಳಿತದ್ದು ಅವರಿಗಾಗಿ, ಅವರನ್ನೂ ಹೊಸಬರನ್ನೂ ಒಟ್ಟಿಗೆ ನೋಡಿಕೊಳ್ಳುವ ನರ್ಸ್‌ಗಳಿಗಾಗಿ.

ಬಾಗಿಲ ಹತ್ತಿರದ ಮೇಜಿನಿಂದ ಶುರು ಮಾಡುತ್ತೇನೆ. ಬಂದವರಲ್ಲಿ ಯಾರನ್ನು ಮೊದಲು ಒಳಗೆ ಕಳುಹಿಸಬೇಕೆಂದು ತೀರ್ಮಾನಿಸುವ ಟ್ರಯಾಜ್ ನಡೆಯುವುದು ಅಲ್ಲಿ. ಗಾಯಗೊಂಡವನು ಅಧಿಕಾರಿಯೋ ಸಿಪಾಯಿಯೋ ಎಂದು ನೋಡದೆ, ಗಾಯ ಎಷ್ಟು ಅಪಾಯದ್ದೆಂದು ನೋಡಿ ಚಿಕಿತ್ಸೆ ಕೊಡುವ ಕ್ರಮವನ್ನು ಯುದ್ಧಭೂಮಿಗೆ ತಂದವನು ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲ್ಯಾರೆ. ಇನ್ನೂರು ವರ್ಷ ಕಳೆದರೂ "ನಾನು ಯಾರು ಗೊತ್ತೇ?" ಎನ್ನುವವರು ಆ ಮೇಜಿನ ಮುಂದೆ ಬರುತ್ತಲೇ ಇದ್ದಾರೆ. ಲ್ಯಾರೆ ಪಾಲಿಸಿದ ನಿಯಮವನ್ನೇ ನಾವೂ ಅವರಿಗೆ ಹೇಳುತ್ತೇವೆ.

ಹಲವು ದೇಶಗಳು ಬಳಸುವ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ 5 ಬಣ್ಣಗಳಿವೆ. ಕೆಂಪಾದರೆ ತಕ್ಷಣ, ಕಿತ್ತಳೆಯಾದರೆ 10 ನಿಮಿಷದೊಳಗೆ, ಹಳದಿ 60, ಹಸಿರು 120, ನೀಲಿ 240 ನಿಮಿಷದೊಳಗೆ ನೋಡಬೇಕು. ಬಣ್ಣ ಹಚ್ಚುವ ನರ್ಸ್‌ಗೆ ಸಿಗುವುದು ಕೆಲವೇ ನಿಮಿಷ. ಹಣೆ ಒಡೆದುಕೊಂಡು ಕಿರುಚುವ ಮಗುವನ್ನು ಕಂಡರೆ ನಮಗೆ ಅಷ್ಟು ಭಯವಾಗುವುದಿಲ್ಲ, ಅಳುವಷ್ಟು ಉಸಿರು ಇದೆ, ಎಚ್ಚರ ಇದೆ. ತಾಯಿಯ ಹೆಗಲಿಗೆ ತಲೆ ಒರಗಿಸಿ, ಸೂಜಿ ಕಂಡರೂ ಕೈ ಎಳೆದುಕೊಳ್ಳದ ಮಗುವನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. "ಗ್ಯಾಸ್ ಇರಬೇಕು ಸಿಸ್ಟರ್, ನಾನು ಕಾಯುತ್ತೇನೆ, ಮೊದಲು ಅವರನ್ನು ನೋಡಿ" ಎನ್ನುತ್ತಾ ಮೂಲೆಯಲ್ಲಿ ಕೂತವರ ಅಂಗಿ ಬೆವರಿನಿಂದ ಒದ್ದೆಯಾಗಿದ್ದರೆ ಮೊದಲು ಒಳಗೆ ಹೋಗುವುದು ಅವರೇ. ಹೃದಯಾಘಾತದ ಅನುಮಾನವಿದ್ದರೆ ಬಂದ 10 ನಿಮಿಷದೊಳಗೆ ಇಸಿಜಿ ಆಗಿರಬೇಕು.

ಇನ್ನೊಂದು ಕೆಲಸವಿದೆ, ನೋಡುವವರಿಗೆ ಕಾಣಿಸುವುದೇ ಇಲ್ಲ. ರೋಗಿಯ ನಾಡಿ ಹಿಡಿದುಕೊಂಡು, ಅವರ ಗಮನಕ್ಕೆ ಬಾರದ ಹಾಗೆ ಎದೆಯ ಏರಿಳಿತವನ್ನು ಒಂದು ಪೂರ್ತಿ ನಿಮಿಷ ಎಣಿಸುವುದು. ದೇಹ ಸೋಲುತ್ತಿರುವ ಸುದ್ದಿ ಎಷ್ಟೋ ಸಲ ಬಿಪಿ ಇಳಿಯುವುದಕ್ಕೆ ಮೊದಲೇ ಉಸಿರಿನಲ್ಲಿ ಸಿಗುತ್ತದೆ. ಕೈತುಂಬ ರೋಗಿಗಳಿರುವಾಗ ಮೊದಲು ಕೈಬಿಟ್ಟುಹೋಗುವುದು ಈ ಒಂದು ನಿಮಿಷವೇ.

ಈಗ ಒಳಗೆ ಬನ್ನಿ. ಒಬ್ಬ ನರ್ಸ್ ಕೈಯಲ್ಲಿರುವವರನ್ನು ಲೆಕ್ಕ ಹಾಕಿ. ಒಬ್ಬರು ವೆಂಟಿಲೇಟರಿನಲ್ಲಿದ್ದಾರೆ, ಐಸಿಯುವಿನಲ್ಲಿ ಜಾಗವಿಲ್ಲ. ಅಲ್ಲಿಗೆ ಹೋಗಿದ್ದರೆ ಅವರೊಬ್ಬರಿಗೇ ಒಬ್ಬ ನರ್ಸ್, ಹೆಚ್ಚೆಂದರೆ ಇಬ್ಬರು ರೋಗಿಗಳಿಗೆ ಒಬ್ಬರು ಇರುತ್ತಿದ್ದರು. ಇನ್ನೊಬ್ಬರು ನ್ಯುಮೋನಿಯಾದವರು, ವಾರ್ಡಿಗೆ ಬರೆದು ಅರ್ಧ ದಿನವಾಗಿದೆ, ಆಂಟಿಬಯಾಟಿಕ್ಕಿನ ಮುಂದಿನ ಡೋಸಿನ ಹೊತ್ತು ಬಂದಿದೆ. ಮತ್ತೊಬ್ಬರಿಗೆ ಸಕ್ಕರೆ ನೋಡಿ ಇನ್ಸುಲಿನ್ ಕೊಡಬೇಕು, ಬೆನ್ನು ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು. ಇದೆಲ್ಲ ವಾರ್ಡಿನ ಕೆಲಸ, ಮಾಡಲೇಬೇಕಾದ ಕೆಲಸ. ಅಷ್ಟರಲ್ಲಿ ಆಂಬುಲೆನ್ಸ್ ಬರುತ್ತದೆ. ಹೃದಯ ನಿಂತವರಿಗೆ ಎದೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ. ಎರಡೆರಡು ನಿಮಿಷಕ್ಕೆ ಒತ್ತುವ ಕೈ ಬದಲಾಗಬೇಕು, ಏಕೆಂದರೆ ದಣಿದ ಕೈ ತನಗೇ ತಿಳಿಯದಂತೆ ಮೇಲೆ ಮೇಲೆ ಒತ್ತತೊಡಗುತ್ತದೆ. ಅಂದರೆ ಒಬ್ಬರನ್ನು ಬದುಕಿಸಲು ನಾಲ್ಕೈದು ಜನ ಅಲ್ಲೇ ನಿಂತಿರಬೇಕು. ಆ ಹೊತ್ತಿನಲ್ಲಿ ಇನ್ಸುಲಿನ್ ಕೊಡುವವರು ಯಾರು?

ಒಂದು ರಾತ್ರಿ ಪಾಳಿಯಲ್ಲಿ ಸೊಂಟದ ಮೂಳೆ ಮುರಿದ ಒಬ್ಬ ಅಜ್ಜಿ ನನ್ನ ಕಡೆಗಿದ್ದರು. ತುರ್ತು ವಿಭಾಗದಲ್ಲಿ ದೀಪ ಆರುವುದಿಲ್ಲ, ಮಾನಿಟರುಗಳ ಸದ್ದು ನಿಲ್ಲುವುದಿಲ್ಲ, ಟ್ರಾಲಿಯ ಮೇಲಿನ ಹಾಸು ತೆಳುವಾದದ್ದು. ಸಂಜೆ ಬಂದಾಗ ಸರಿಯಾಗಿಯೇ ಮಾತನಾಡುತ್ತಿದ್ದವರು ನಡುರಾತ್ರಿಯ ಹೊತ್ತಿಗೆ "ಬೆಳಗಾಯಿತೇನಮ್ಮಾ?" ಎಂದು ಕೇಳತೊಡಗಿದರು. "ಇಲ್ಲ ಅಜ್ಜಿ, ಇನ್ನೂ ರಾತ್ರಿ" ಎಂದು ಹೇಳಿ ಪಕ್ಕದ ಟ್ರಾಲಿಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಆಮೇಲೆ ನನ್ನನ್ನು ಮಗಳೆಂದುಕೊಂಡು ಬೇರೊಂದು ಹೆಸರಿನಿಂದ ಕರೆದರು, ಡ್ರಿಪ್ಪಿನ ನಳಿಕೆ ಕಿತ್ತುಹಾಕಲು ನೋಡಿದರು. ಅವರಿಗೆ ಬೇಕಾಗಿದ್ದದ್ದು ಒಂದು ಕತ್ತಲೆ ಕೋಣೆ, ಒಂದು ಸರಿಯಾದ ಹಾಸಿಗೆ, ಪಕ್ಕದಲ್ಲಿ ಹತ್ತು ನಿಮಿಷ ಕೂರುವ ಒಬ್ಬರು. ಮೂರರಲ್ಲಿ ಒಂದನ್ನೂ ಕೊಡಲು ನಮ್ಮಿಂದ ಆಗಲಿಲ್ಲ.

ಇದು ಬರೀ ನರ್ಸ್‌ಗಳ ಗೊಣಗಾಟ ಎಂದುಕೊಳ್ಳುವವರಿಗಾಗಿ ಎರಡು ಅಧ್ಯಯನಗಳನ್ನು ಮುಂದಿಡುತ್ತೇನೆ. ಫ್ರಾನ್ಸಿನ 97 ತುರ್ತು ವಿಭಾಗಗಳಲ್ಲಿ 75 ದಾಟಿದ ರೋಗಿಗಳನ್ನು ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರ್ಡಿಗೆ ಹೋಗದೆ ತುರ್ತು ವಿಭಾಗದಲ್ಲೇ ರಾತ್ರಿ ಕಳೆದವರಲ್ಲಿ ಶೇ. 15.7ರಷ್ಟು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು; ನಡುರಾತ್ರಿಗೆ ಮೊದಲೇ ವಾರ್ಡ್ ಸೇರಿದವರಲ್ಲಿ ಈ ಪ್ರಮಾಣ ಶೇ. 11.1. ಇಂಗ್ಲೆಂಡಿನ ಲಕ್ಷಾಂತರ ದಾಖಲೆಗಳನ್ನು ನೋಡಿ 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಬಂದ ಮೇಲೆ 6ರಿಂದ 8 ಗಂಟೆಯವರೆಗೂ ವಾರ್ಡಿಗೆ ಹೋಗದೆ ಉಳಿದ ಪ್ರತಿ 82 ರೋಗಿಗಳಿಗೆ ಹೆಚ್ಚುವರಿಯಾಗಿ ಒಂದು ಸಾವು. ಈ ಅಂಕಿ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಸಿಟ್ಟು ಬಂತು.

ಹೊರಗೆ ಕಾಯುವವರಿಗೆ ಇದ್ಯಾವುದೂ ಕಾಣುವುದಿಲ್ಲ. ಒಳಗಿನ ಟ್ರಾಲಿಗಳೆಲ್ಲ ಮೇಲಿನ ಮಹಡಿಗೆ ಹೋಗಬೇಕಾದವರಿಂದ ತುಂಬಿಹೋಗಿವೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಅವರಿಗೆ ಕಾಣುವುದು ಬಾಗಿಲು ತೆರೆದು ಹೊರಬಂದು, ತಮ್ಮ ಹೆಸರು ಕರೆಯದೆ ಹೋಗುವ ನರ್ಸ್ ಮಾತ್ರ. ಬೈಗುಳ ಅವಳಿಗೆ, ಕೆಲವೊಮ್ಮೆ ಪೆಟ್ಟೂ ಅವಳಿಗೆ. ಆರೋಗ್ಯ ಸಿಬ್ಬಂದಿಯಲ್ಲಿ ಶೇ. 8ರಿಂದ 38ರಷ್ಟು ಮಂದಿ ತಮ್ಮ ವೃತ್ತಿಜೀವನದಲ್ಲಿ ಒಮ್ಮೆಯಾದರೂ ದೈಹಿಕ ಹಲ್ಲೆಗೆ ಒಳಗಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗಿಯ ಕಡೆಯವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಕೈ ಎತ್ತುವುದನ್ನು ನಾನು ಯಾವ ಕಾರಣಕ್ಕೂ ಕ್ಷಮಿಸುವುದಿಲ್ಲ, ಅದು ಈ ಕೆಲಸದ ಭಾಗವೆಂದು ನಮಗೇ ಬುದ್ಧಿ ಹೇಳುವ ಮೇಲಧಿಕಾರಿಗಳನ್ನೂ.

ಸಾವಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಜೊನಾಥನ್ ಬಾರ್ಟೆಲ್ಸ್ ಒಂದು ರೂಢಿ ಹುಟ್ಟುಹಾಕಿದರು. ಉಳಿಸಿಕೊಳ್ಳಲಾಗದ ರೋಗಿಯ ಸುತ್ತ, ಅಲ್ಲಿಯವರೆಗೆ ಹೋರಾಡಿದವರೆಲ್ಲ ಒಂದು ನಿಮಿಷದಷ್ಟು ಹೊತ್ತು ಮೌನವಾಗಿ ನಿಲ್ಲುವುದು. ಖರ್ಚಿಲ್ಲದ, ಮನುಷ್ಯರಿಗೆ ತಕ್ಕುದಾದ ರೂಢಿ. ಎಲ್ಲ ಕಡೆ ಇರಬೇಕು. ಆದರೆ ದೇಹ ಒರೆಸಿ, ಬಟ್ಟೆ ಹೊದಿಸಿ, ಮನೆಯವರನ್ನು ಒಳಗೆ ಕರೆಯುವ ಮೊದಲೇ "ಆ ಟ್ರಾಲಿ ಖಾಲಿಯಾಯಿತೇ?" ಎಂಬ ಫೋನ್ ಬರುವ ಕಡೆ ಆ ನಿಮಿಷವನ್ನು ಎಲ್ಲಿಂದ ತರುವುದು?

ನಮ್ಮನ್ನು ದೇವತೆಯರು ಎನ್ನುತ್ತಾರೆ. ಪ್ರೀತಿಯಿಂದ ಹೇಳುವವರನ್ನು ನೋಯಿಸುವ ಮನಸ್ಸು ನನಗಿಲ್ಲ. ಆದರೂ ನಮಗೆ ಬೇಕಾಗಿರುವುದು ಅದಲ್ಲ. ಒತ್ತಡ ನಿಭಾಯಿಸುವ ಬಗ್ಗೆ ಒಂದು ದಿನದ ತರಬೇತಿಯೂ ಅಲ್ಲ. ಐದು ಜನರ ಕೆಲಸವನ್ನು ಮೂವರಿಗೆ ಹೊರಿಸಿ, ಉಸಿರಾಟದ ವ್ಯಾಯಾಮ ಕಲಿಸುವುದು ಯಾವ ನ್ಯಾಯ? ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಜಾರಿಯಲ್ಲಿರುವ ನಿಯಮದಂತೆ ತುರ್ತು ವಿಭಾಗದಲ್ಲಿ ಒಬ್ಬ ನರ್ಸ್‌ಗೆ ನಾಲ್ಕಕ್ಕಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ, ತೀವ್ರ ನಿಗಾ ಬೇಕಾದವರಾದರೆ ಇಬ್ಬರಿಗಿಂತ ಹೆಚ್ಚಿಲ್ಲ. ಟ್ರಯಾಜ್ ಮೇಜಿನಲ್ಲಿರುವ ನರ್ಸ್‌ಗಳನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳುವಂತೆಯೂ ಇಲ್ಲ. ಇಂಥದ್ದು ಕಾನೂನಾಗಿ ಬರಬೇಕು, ಒಳ್ಳೆಯ ಮನಸ್ಸಿನ ಮೇಲಧಿಕಾರಿ ಇದ್ದಾಗ ಸಿಗುವ ಉಪಕಾರವಾಗಿ ಅಲ್ಲ. ಜಗತ್ತಿನಲ್ಲಿ ಇನ್ನೂ 58 ಲಕ್ಷ ನರ್ಸ್‌ಗಳ ಕೊರತೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳಿದೆ. ಕೊರತೆ ನಿಜ. ಆದರೆ ಇರುವವರನ್ನು ಹೀಗೆ ದುಡಿಸಿ ಓಡಿಸಿದರೆ ಆ ಕೊರತೆ ಎಂದಿಗೆ ತುಂಬೀತು?

ಕಾನೂನು ಬರುವವರೆಗೂ ಕೈಕಟ್ಟಿ ಕೂರಬೇಕಾಗಿಲ್ಲ. ನ್ಯೂಯಾರ್ಕಿನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಆಸ್ಪತ್ರೆ ಒಂದು ಸರಳ ಉಪಾಯ ಮಾಡಿತು. ಹಾಸಿಗೆಗೆ ಕಾಯುವವರೆಲ್ಲರನ್ನೂ ತುರ್ತು ವಿಭಾಗದ ಓಣಿಯಲ್ಲಿ ಗುಡ್ಡೆ ಹಾಕುವ ಬದಲು, ಒಂದೊಂದು ವಾರ್ಡಿನ ಓಣಿಗೆ ಒಬ್ಬಿಬ್ಬರಂತೆ ಹಂಚಿತು. ರೋಗಿಗಳನ್ನು ಕೇಳಿದಾಗ ಹೆಚ್ಚಿನವರು ವಾರ್ಡಿನ ಓಣಿಯೇ ವಾಸಿ ಎಂದರು. ವಾರ್ಡಿನ ನರ್ಸ್‌ಗಳಿಗೂ ಕೆಲಸ ಮಿತಿಮೀರಿದೆ, ಅದು ನನಗೆ ಗೊತ್ತು. ಹಾಗಿದ್ದರೂ ಹತ್ತು ಜನರ ಭಾರವನ್ನು ಹತ್ತು ಕಡೆ ಹಂಚಿದಾಗ ಆಗುವ ಅಪಾಯ, ಆಂಬುಲೆನ್ಸ್ ಬರುವ ಒಂದೇ ಬಾಗಿಲಲ್ಲಿ ಹತ್ತೂ ಜನರನ್ನು ಇಟ್ಟುಕೊಂಡಾಗ ಆಗುವುದಕ್ಕಿಂತ ಕಡಿಮೆ. ಆಸ್ಪತ್ರೆ ನಡೆಸುವವರು ಇದನ್ನು ಸಂಜೆಯ ಬಿಕ್ಕಟ್ಟಾಗಿ ನೋಡದೆ ಬೆಳಗಿನ ಮೊದಲ ಕೆಲಸವಾಗಿ ನೋಡಬೇಕು. ಮನೆಗೆ ಹೋಗಬಹುದಾದವರ ಡಿಸ್ಚಾರ್ಜ್ ಕಾಗದ ಮಧ್ಯಾಹ್ನದೊಳಗೆ ತಯಾರಾದರೂ ಸಾಕು, ರಾತ್ರಿ ಪಾಳಿಯ ಸ್ವರೂಪವೇ ಬೇರೆಯಾಗುತ್ತದೆ.

ಇದನ್ನು ಓದುವವರಲ್ಲಿ ಒಂದಲ್ಲ ಒಂದು ದಿನ ತುರ್ತು ವಿಭಾಗದ ಬೆಂಚಿನ ಮೇಲೆ ಕಾಯುವವರು ಇರುತ್ತೀರಿ. ಜೊತೆಗಿರುವವರ ನೋವು ಹೆಚ್ಚಾದರೆ, ಮಾತು ತೊದಲಿದರೆ, ಬೆವರತೊಡಗಿದರೆ, ಮಂಪರು ಹತ್ತಿದಂತಾದರೆ ಎದ್ದು ಬಂದು ಹೇಳಿ. ಆಗಲೇ ಎರಡು ಸಲ ಕೇಳಿದ್ದೇವಲ್ಲ ಎಂದು ಸಂಕೋಚಪಡಬೇಡಿ, ಟ್ರಯಾಜಿನ ಬಣ್ಣ ಬದಲಾಗುವುದೇ ಅಂಥ ಸುದ್ದಿಯಿಂದ. ತಡವಾದದ್ದಕ್ಕೆ ದೂರು ಕೊಡುವುದಾದರೆ ಖಂಡಿತ ಕೊಡಿ, ಬರವಣಿಗೆಯಲ್ಲೇ ಕೊಡಿ. ಅದರಲ್ಲಿ ಎರಡು ಪ್ರಶ್ನೆ ಸೇರಿಸಿ: ಆ ಹೊತ್ತಿನಲ್ಲಿ ಅಡ್ಮಿಶನ್ ಆದ ಎಷ್ಟು ಮಂದಿ ತುರ್ತು ವಿಭಾಗದಲ್ಲಿ ಹಾಸಿಗೆಗೆ ಕಾಯುತ್ತಿದ್ದರು? ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು? ನಾವು ಕೇಳಿದರೆ ಗೊಣಗಾಟ ಎನ್ನುತ್ತಾರೆ. ನೀವು ಕೇಳಿದರೆ ಉತ್ತರ ಬರೆಯಲೇಬೇಕಾಗುತ್ತದೆ.